ಲೆಕ್ಕ ಬಿಡಿಸಿ ತೋರಿಸುವ ಹೊಸ ಪದ್ಧತಿ

ಗಣಿತ ಬೋಧನಾ ಪದ್ಧತಿಗಳ ಪರಿವೀಕ್ಷಕಿ ವಿದ್ಯಾವತಿಯವರ ಜೀಪು ಸಾರವಾಡ ದಾಟಿ ದಾರಿ ತಪ್ಪಿದ್ದು ನಿರ್ವಿವಾದ ಸಂಗತಿ. ಹೈಸ್ಕೂಲು ಎಲ್ಲಿದೆಯೆಂದು ಕೇಳಿದ್ದಕ್ಕೆ ಎದುರು ಬಂದ ರೈತ ಮಶಾಕಸಾಬ ಟ್ರ್ಯಾಕ್ಟರ್ ನಿಲ್ಲಿಸಿದ.

"ಕಿವಿಗೊಟ್ಟು ಹೋಗ್ರಿ ಬಾಯಾರ. ಎಲ್ಲಿ ಮಗ್ಗಿ, ಹಾಡು, ಚಪ್ಪಾಳಿ ಎಲ್ಲಾ ಕೂಡೇ ಕೇಳಸ್ತೈತಿ, ಅದಾ ಸಾಲಿ."

ಇಲಾಖೆಯ ಇತಿಹಾಸ ಬಲ್ಲವರಿಗೆ ಇದು ಸಹಜವೇ. ಮೊದಲು ಮಗ್ಗಿಯ ಬಾಯಿಪಾಠವಿತ್ತು. ಅದು ಹಳತಾಯಿತೆಂದು ಗಣಗಳು ಬಂದವು. ಗಣಗಳು ಮಾಸ್ತರರಿಗೇ ತಿಳಿಯಲಿಲ್ಲವೆಂದು ಕಡ್ಡಿ, ಗೋಲಿಗಳ ಚಟುವಟಿಕೆ ಬಂತು. ಮಕ್ಕಳು ನಗುತ್ತಿಲ್ಲವೆಂದು ಹಾಡು, ಕುಣಿತ. ಪ್ರತಿಯೊಂದಕ್ಕೂ ತರಬೇತಿ, ಕಿಟ್ಟು, ಭತ್ಯೆ ಇದ್ದುದರಿಂದ ಯಾವುದನ್ನೂ ರದ್ದುಮಾಡುವ ಮನಸ್ಸು ಯಾರಿಗೂ ಆಗಲಿಲ್ಲ. ನಲವತ್ತು ನಿಮಿಷದ ಪಿರಿಯಡ್ಡನ್ನು ನಾಲ್ಕಕ್ಕೂ ಸಮನಾಗಿ ಹಂಚಲಾಯಿತು. ಲೆಕ್ಕ ಬಿಡಿಸಲು ಸಮಯ ಉಳಿಯಲಿಲ್ಲವೆಂದು ಯಾವ ಅಧಿಕಾರಿಯೂ ಆಕ್ಷೇಪಿಸಲಿಲ್ಲ.

ಈ ಶಿಸ್ತನ್ನು ಮುರಿದವರು ಈ ಹೈಸ್ಕೂಲಿನ ರಾಜಾರಾಮ ಮಾಸ್ತರರು. ಸೀಮೆಸುಣ್ಣದ ಖಡು ಹಿಡಿದು, ಒಂದು ವರ್ಗಸಮೀಕರಣವನ್ನು ಗಂಟೆ ಹೊಡೆಯುವತನಕ ಬೋರ್ಡಿನ ಮೇಲೆ ಬಿಡಿಸಿ ತೋರಿಸಿದ್ದರು. ಮಕ್ಕಳಿಗೆ ತಿಳಿದುಬಿಟ್ಟಿತ್ತು. ಹೆಡ್‌ಮಾಸ್ತರ್ ಸಂಗನಬಸವ ಕೂಡಲೇ ದೂರು ಕಳಿಸಿದ್ದರು. ಅಮಾನತಿಗೆ ವಿದ್ಯಾವತಿಯವರ ಸಹಿಯೊಂದೇ ಬಾಕಿ. ತೊಡಕೆಂದರೆ, ಹಿಂದೆ ತಿಕೋಟಾದ ಶಾಲೆಯಲ್ಲಿ ವಿದ್ಯಾವತಿಗೆ ಗಣಿತ ಹೇಳಿಕೊಟ್ಟವರೂ ಇವರೇ.

ಸದ್ದು ಹಿಡಿದು ಶಾಲೆ ತಲುಪಿದ ವಿದ್ಯಾವತಿಯವರು ತರಗತಿಯಲ್ಲೇ ವಿಚಾರಣೆ ಆರಂಭಿಸಿದರು. "ಯಾವ ಪದ್ಧತಿಲೇ ಕಲಿಸಿದ್ರಿ, ಸರ್?"

"ಪದ್ಧತಿ ಗಿದ್ಧತಿ ಏನಿಲ್ಲವಾ. ಬಿಡಿಸಿ ತೋರಿಸ್ದೆ, ಅಷ್ಟ."

ಅಷ್ಟು ಸಾಕಿತ್ತು, ನೌಕರಿ ಹೋಗಲು. ಅಷ್ಟರಲ್ಲಿ ಹತ್ತನೆಯ ತರಗತಿಯ ಪೂನಮ ಎದ್ದು ನಿಂತಳು. "ಪರೀಕ್ಷಾ ಬಂತ್ರಿ ಅಕ್ಕೋರ. ಕುಣಿಯಾಕ ಬರ್ತೈತಿ ನಮಗ. ಲೆಕ್ಕ ಒಂದ ಬರವಲ್ದು. ಸರ್‌ನ ಕಳಿಸಬ್ಯಾಡ್ರಿ."

ವಿದ್ಯಾವತಿಯವರು ನಿಯಮಾವಳಿ ನೆನೆದರು. ಪದ್ಧತಿಯಿಲ್ಲದೆ ಕಲಿಸುವುದು ಅಪರಾಧ. ಹೊಸ ಪದ್ಧತಿ ಕಂಡುಹಿಡಿಯುವುದು ಸಾಧನೆ. ಗಂಟಲು ಸರಿಮಾಡಿಕೊಂಡು ಘೋಷಿಸಿದರು: "ಈ ಮೂಲಕ ಸಕಲರಿಗೂ ತಿಳಿಯಪಡಿಸುವುದೇನೆಂದರೆ, ಲೆಕ್ಕ ಬಿಡಿಸಿ ತೋರಿಸುವುದು ಇಂದಿನಿಂದ ಇಲಾಖೆಯ ಐದನೆಯ ಪದ್ಧತಿ."

ಮೊದಲು ಚಪ್ಪಾಳೆ ತಟ್ಟಿದವರು ಸಂಗನಬಸವರೇ. ಕಿಟ್ಟಿನಲ್ಲಿ ಖಡು ಎಷ್ಟು ಬರುತ್ತದೆಂದೂ ವಿಚಾರಿಸಿದರು. ಉಳಿದ ನಾಲ್ಕು ಪದ್ಧತಿಗಳು ತಲಾ ಎರಡು ನಿಮಿಷ ಬಿಟ್ಟುಕೊಟ್ಟಿದ್ದರಿಂದ ಹೊಸದಕ್ಕೆ ಎಂಟು ನಿಮಿಷ ದಕ್ಕಿತು. ಪದ್ಧತಿಯ ಜನಕರಾದ ರಾಜಾರಾಮರನ್ನು, ಜಿಲ್ಲೆಯ ಶಿಕ್ಷಕರಿಗೆಲ್ಲ ತರಬೇತಿ ಕೊಡಲು, ಮರುದಿನವೇ ವಿಜಯಪುರಕ್ಕೆ ನಿಯೋಜಿಸಲಾಯಿತು. ಅವರ ಜಾಗಕ್ಕೆ ಇನ್ನೊಬ್ಬರನ್ನು ಕೊಡುವ ನಿಯಮವಿರಲಿಲ್ಲ. ಆ ಎಂಟು ನಿಮಿಷ ಪೂನಮಳ ತರಗತಿ ಖಾಲಿ ಬೋರ್ಡು ನೋಡುತ್ತ ಸಾಲಾಗಿ ಕೂಡುತ್ತದೆ. ಶಿಸ್ತು ಸುಧಾರಿಸಿದೆಯೆಂದು ವರದಿ ಹೋಗಿದೆ.

ಬೀಳ್ಕೊಡುಗೆಯಲ್ಲಿ ವಿದ್ಯಾವತಿಯವರು ಮಾಸ್ತರರಿಗೆ ಶಾಲು ಹೊದಿಸಿ ಕಾಲು ಮುಟ್ಟಿದರು. ಗುರುಋಣ ತೀರಿತೆಂದು ನೆರೆದವರೆಲ್ಲ ಒಪ್ಪಿದರು.