ಮಾವನವರು ರುಚಿ ನೋಡಿದ ಕಷಾಯಗಳು

ನಮ್ಮ ಮಾವನವರು ಕಾಫಿ ಉಗಿದು ಉಗಿದೇ ಸಂಸಾರ ಸಾಕಿದವರು ಎಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ! ಮದುವೆಯಾಗಿ ಬಂದ ಹೊಸದರಲ್ಲಿ ನಾನೂ ನಕ್ಕಿದ್ದೆ. ಕುಶಾಲನಗರದ ಕಡೆ ಕಾಫಿ ಬೀಜದ ಸಿಪ್ಪೆ ತೆಗೆದು ವಿಂಗಡಿಸುವ ಒಂದು ಕ್ಯೂರಿಂಗ್ ವರ್ಕ್ಸಿನಲ್ಲಿ ಅವರಿಗೆ ರುಚಿ ನೋಡುವ ಕೆಲಸ. ಸಾಲಾಗಿ ಬಟ್ಟಲು ಇಟ್ಟುಕೊಂಡು, ಒಂದೊಂದರಿಂದಲೂ ಒಂದು ಚಮಚ ಸೊರ್ರೆಂದು ಎಳೆದು, ಬಾಯೊಳಗೆಲ್ಲ ಆಡಿಸಿ, ಪಕ್ಕದ ಡಬ್ಬಿಗೆ ಉಗಿದು, ತೀರ್ಪು ಕೊಡುವುದು. ನಿವೃತ್ತರಾಗಿ ಶನಿವಾರಸಂತೆ ಹತ್ತಿರದ ನಮ್ಮೂರಿಗೆ ಬಂದು ಕಾಫಿ, ಶುಂಠಿ ಬೆಳೆಯತೊಡಗಿದ ಮೇಲೂ ಅಭ್ಯಾಸ ಬಿಡಲಿಲ್ಲ. ಸಾರಿಗೂ ಸೊರ್ರ್, ಪಾಯಸಕ್ಕೂ ಸೊರ್ರ್! ನೆಂಟರ ಮನೆಯ ಗೃಹಪ್ರವೇಶದಲ್ಲಿ ಮಜ್ಜಿಗೆಯನ್ನು ಹಾಗೆ ಎಳೆದಾಗ ಬಡಿಸುವವನು ಕೈ ನಿಲ್ಲಿಸಿ, "ಉಗಿಯೋಕೆ ಜಾಗ ತೋರಿಸ್ಲಾ ಸ್ವಾಮಿ?" ಎಂದು ಕೇಳಿದ್ದ.

ಇಂಥವರ ಮನೆಯಲ್ಲಿ ನಾನು ಬಸುರಿಯಾದೆ. ಎರಡನೇ ಸಲ. ಹಿಂದಿನ ವರ್ಷ ಒಂದು ನಿಂತು, ಮೂರು ತಿಂಗಳು ತುಂಬುವ ಮೊದಲೇ ಹೋಗಿತ್ತು. ಆಗ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ವಾಂತಿ, ಸಂಕಟ ಎಲ್ಲ ನಿಂತು, ಸದ್ಯ ಬದುಕಿದೆ ಎಂದು ನಾನು ಹೊಟ್ಟೆತುಂಬ ಅಕ್ಕಿರೊಟ್ಟಿ ತಿಂದಿದ್ದೆ. ಕೆಲವೇ ದಿನಕ್ಕೆ ಎಲ್ಲ ಮುಗಿದಿತ್ತು. ಆದ್ದರಿಂದ ಈ ಸಲ ನನ್ನದು ವಿಚಿತ್ರ ಪಾಡು. ವಾಂತಿಯಾದರೆ ಸಂಕಟ, ಆಗದಿದ್ದರೆ ಭಯ. ಇದನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಗಂಡನ ಹತ್ತಿರವೂ ಹೇಳಲಿಲ್ಲ.

ಗುಟುಕು ನೀರೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಕಾಫಿಯ ವಾಸನೆಯಂತೂ ಬಂದರೆ ಸಾಕು, ಕರುಳೇ ಬಾಯಿಗೆ ಬರುತ್ತಿತ್ತು. ಮಡಿಕೇರಿಯ ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟು, "ಬೇಕಾದರೆ ಶುಂಠಿ ಹಾಕಿದ ಬಿಸಿನೀರು ಸ್ವಲ್ಪ ಸ್ವಲ್ಪ ಕುಡಿಯಿರಿ. ಗುರುತಿಲ್ಲದ ಸೊಪ್ಪುಸದೆ ಮಾತ್ರ ಬೇಡ" ಎಂದರು. ಜೊತೆಗೆ ಬಂದಿದ್ದ ಮಾವನವರ ಕಿವಿಗೆ ಬಿದ್ದದ್ದು ಶುಂಠಿ ಒಂದೇ!

"ಶುಂಠಿ ಅಂದ್ರಲ್ಲ? ಸರಿ, ಇನ್ನು ಆ ವಿಚಾರ ನಂಗೆ ಬಿಡಿ" ಎಂದು ಜೀಪು ಹತ್ತಿದವರು, ಮನೆ ತಲುಪಿದವರೇ ಗುದ್ದಲಿ ಹಿಡಿದರು.

ಮಾರನೆಯ ದಿನ ಜಗಲಿಯ ಮೇಲೆ ಬಟ್ಟಲುಗಳ ಸಾಲು. ಶುಂಠಿ ನಿಂಬೆ, ಶುಂಠಿ ಏಲಕ್ಕಿ, ಬರೀ ಜೀರಿಗೆ, ಪುದೀನ. ಮಾವನವರು ಸೊರ್ರೆಂದು ಎಳೆದು, ಕಣ್ಣು ಮುಚ್ಚಿ, ದಾಸವಾಳದ ಬುಡಕ್ಕೆ ಉಗಿಯುತ್ತ ಮುಂದೆ ಮುಂದೆ ಹೋಗುತ್ತಿದ್ದರು. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು.

"ಒಳಗೆ ಅವಳು ಕಕ್ತಾಳೆ, ಹೊರಗೆ ನೀವು ಉಗೀತೀರಿ. ನಾನು ಬಕೀಟು ಹಿಡ್ಕಂಡು ಯಾವ ಕಡೆ ಓಡ್ಲಿ?"

"ಸುಮ್ನಿರು ಮಾರಾಯ್ತಿ. ನಾಲಿಗೆ ಮೇಲೆ ನಿಲ್ಲದೆ ಇರೋದು ಹೊಟ್ಟೇಲಿ ನಿಲ್ತದಾ?"

ಎಷ್ಟು ಎಳೆದರೂ ಶುಂಠಿಯಲ್ಲಿ ಅವರಿಗೆ ಬೇಕಾದ ಘಮ ಸಿಗಲಿಲ್ಲ. ಕಾಫಿಯವರಿಗೆ ಘಮ ಬೇಕೆಂದರೆ ಏನು ಮಾಡುತ್ತಾರೆ? ಹುರಿಯುತ್ತಾರೆ! ಶುಂಠಿಯನ್ನು ತೆಳ್ಳಗೆ ಹೆಚ್ಚಿ, ಮನೆಯ ಕಾಫಿ ಹುರಿಯುವ ಡ್ರಮ್ಮಿಗೆ ಹಾಕಿ, ಹದವಾಗಿ ತಿರುಗಿಸಿ, ಅದರ ಕಷಾಯ ತಂದು ನನ್ನ ಮುಂದೆ ಹಿಡಿದರು. ಮೂಗಿನ ಹತ್ತಿರ ತಂದೆನೋ ಇಲ್ಲವೋ, ವರ್ಷಗಟ್ಟಲೆ ಆ ಡ್ರಮ್ಮು ಕುಡಿದಿದ್ದ ಕಾಫಿಯೆಲ್ಲ ಒಟ್ಟಿಗೆ ಎದ್ದು ಬಂತು. ನಾನು ಬಚ್ಚಲಿಗೆ ಓಡಿದೆ. ಹೊರಗಿನಿಂದ ಮಾವನವರ ದನಿ ಕೇಳುತ್ತಿತ್ತು: "ಎಂಥ ದಡ್ಡ ನನ್ಮಗ ನಾನು!" ಅತ್ತೆ ಅದನ್ನು ಅಲ್ಲಗಳೆಯಲಿಲ್ಲ.

ಅವತ್ತೇ ಡ್ರಮ್ಮು ಪಕ್ಕದ ಮನೆಯ ಕೊಟ್ಟಿಗೆ ಸೇರಿತು. ಮನೆಯಲ್ಲಿ ಕಾಫಿ ಬಂದ್! ಅತ್ತೆ ಬೆಳಿಗ್ಗೆ ಸಂಜೆ ಪಕ್ಕದ ಮನೆಗೆ ಕಾಫಿಗೆ ಹೋಗಿ ಬರುವರು. ಮಾವನವರು ಗೇಟಿನಲ್ಲೇ ತಡೆದು, "ಬಾಯಿ ಮುಕ್ಕಳಿಸ್ದಾ?" ಎಂದು ವಿಚಾರಣೆ ಮಾಡಿಯೇ ಒಳಗೆ ಬಿಡುವರು.

ಕೊನೆಗೆ ಗೆದ್ದದ್ದು ಬಹಳ ಸಾದಾ ಕಷಾಯ. ಹಸಿ ಶುಂಠಿಯ ಒಂದು ಬಿಲ್ಲೆ ಜಜ್ಜಿ, ಬಿಸಿನೀರು ಹೊಯ್ದು, ಸ್ವಲ್ಪ ಹೊತ್ತು ಮುಚ್ಚಿಟ್ಟು, ಎರಡು ಹನಿ ನಿಂಬೆ, ಚಿಟಿಕೆ ಉಪ್ಪು. ಉಗುರುಬೆಚ್ಚಗಾದ ಮೇಲೆ ಗುಟುಕು ಗುಟುಕಾಗಿ ಕುಡಿದೆ. ನಿಂತಿತು! ಪೂರ್ತಿ ಅಲ್ಲ, ಆದರೂ ಒಂದು ಇಡ್ಲಿ ತಿನ್ನುವಷ್ಟು ಜೀವ ಬಂತು. ಮಾವನವರು ಅದನ್ನು ಊರಿಗೆಲ್ಲ ಸಾರಿದರು. ಶನಿವಾರಸಂತೆ ಬಸ್ಸಿನ ಕಂಡಕ್ಟರಿಗೂ ವಿಧಾನ ಹೇಳಿಕೊಟ್ಟರು. ಅವನಿಗೆ ಇನ್ನೂ ಮದುವೆಯಾಗಿರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಎದ್ದೆ, ಸಂಕಟವಿಲ್ಲ. ಒಳಗಿಂದ ಸಾಸಿವೆ ಒಗ್ಗರಣೆಯ ವಾಸನೆ ಬಂತು, ಆಗಲೂ ಏನೂ ಆಗಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಹಾಸಿಗೆಯಲ್ಲೇ ಕೂತೆ. ಮಾವನವರು ಕಷಾಯ ತಂದರು. ಮುಖ ತಪ್ಪಿಸಲು ಒಂದೇ ಉಸಿರಿಗೆ ಕುಡಿದುಬಿಟ್ಟೆ.

ಅವರು ಖಾಲಿ ಲೋಟವನ್ನೂ ನನ್ನನ್ನೂ ನೋಡಿದರು. "ನಿಂತೋಯ್ತಾ?"

"ಹೂಂ ಮಾವ."

ಗೆದ್ದೆ ಎಂದು ಕುಣಿಯುತ್ತಾರೆ ಅಂದುಕೊಂಡೆ. ಅವರು ಅಲ್ಲೇ ನೆಲದ ಮೇಲೆ ಕೂತರು.

"ಹೋದ್ಸಲಾನೂ ಹಿಂಗೇ ಅಲ್ವೇನವ್ವ? ನೀನು ರೊಟ್ಟಿ ತಿಂತಿದ್ದೆ. ನಾನೂ ಪೆದ್ದನಂಗೆ ಖುಷಿಪಟ್ಟಿದ್ದೆ." ಅವರು ಖಾಲಿ ಲೋಟ ಎತ್ತಿ ಮೂಸಿದರು. "ನಾನು ಕೊಟ್ಟಿದ್ದೇ ಏನಾದ್ರೂ ಎಡವಟ್ಟು ಮಾಡ್ತಾ?"

ನನ್ನೊಬ್ಬಳದೇ ಎಂದುಕೊಂಡಿದ್ದ ಭಯ ಅವರಲ್ಲೂ ಇತ್ತು. ನನಗೆ ಅಳು ಬಂತು.

ಕೂಡಲೇ ಜೀಪಿನಲ್ಲಿ ಮಡಿಕೇರಿಗೆ ಹೊರಟೆವು. ಗಂಡ ಓಡಿಸುತ್ತಿದ್ದರು, ಮಾವನವರು ಪಕ್ಕದಲ್ಲಿ ಕೈಮುಗಿದುಕೊಂಡೇ ಕೂತಿದ್ದರು. ಸ್ಕ್ಯಾನಿಂಗ್ ಕೋಣೆಯಲ್ಲಿ ಡಾಕ್ಟರಮ್ಮ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಮಗುವಿನ ಎದೆ ಬಡಿತ! ಪಟಪಟ, ಪಟಪಟ. ಮೂರು ತಿಂಗಳು ತುಂಬುವ ಹೊತ್ತಿಗೆ ವಾಂತಿ ತಾನಾಗಿಯೇ ಕಡಿಮೆಯಾಗುವುದುಂಟು, ಮಗು ಚೆನ್ನಾಗಿದೆ ಎಂದರು.

ಹೊರಗೆ ಬಂದು ಹೇಳಿದೆ. ಮಾವನವರಿಗೆ ನನ್ನ ಮಾತು ಸಾಲಲಿಲ್ಲ. ನನ್ನನ್ನು ದಾಟಿ ಬಾಗಿಲಿಗೆ ಹೋದರು.

"ಡಾಕ್ಟ್ರಮ್ಮ, ನನ್ನ ಕಷಾಯದಿಂದ..."

ಡಾಕ್ಟರಮ್ಮ ನಕ್ಕರು. "ಅಯ್ಯೋ ಯಜಮಾನ್ರೇ, ಚೂರು ಶುಂಠಿ ನೀರು ಮಗೂಗೆ ಏನು ಮಾಡುತ್ತೆ? ಏನೂ ಮಾಡಲ್ಲ."

"ಏನೂ?"

"ಏನೂ ಇಲ್ಲ."

ಯಾರ ತೀರ್ಪನ್ನೂ ಒಪ್ಪಿದ ಮನುಷ್ಯನಲ್ಲ ಅವರು. ಅಷ್ಟು ಜನರ ಮುಂದೆ ಟವೆಲ್ಲಿನಿಂದ ಕಣ್ಣೊರೆಸಿಕೊಳ್ಳುತ್ತ ಬಂದು, ನನ್ನ ತಲೆಯ ಮೇಲೆ ಕೈಯಿಟ್ಟು, ಮಗುವಿನ ಹಾಗೆ ನಕ್ಕರು.

"ಏನೂ ಮಾಡಿಲ್ವಂತೆ ಕಣವ್ವ!"