ಮಂಜೂರಾದ ಅತಿಥಿ ಒಬ್ಬರೇ

ವಿದೇಶಿ ಹೋಟೆಲುಗಳ ಕೆಲಸದ ಸಂದರ್ಶನಕ್ಕೆ ಅಭ್ಯರ್ಥಿಗಳನ್ನು ಸಿದ್ಧಗೊಳಿಸುವ ನಮ್ಮ ಕೇಂದ್ರದಲ್ಲಿ ಮಂಜೂರಾದ ಅತಿಥಿ ಹುದ್ದೆ ಒಂದೇ ಒಂದು. ಇದನ್ನು ಮೊದಲೇ ತಿಳಿದುಕೊಂಡವರಿಗೆ ಮುಂದೆ ನಡೆದದ್ದರಲ್ಲಿ ಅಚ್ಚರಿಪಡುವಂಥದ್ದು ಏನೂ ಇಲ್ಲ. ನಾನು ಇಲ್ಲಿನ ಗುಮಾಸ್ತ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ; ಅದಕ್ಕೇ ನಾನು ಎಲ್ಲವನ್ನೂ ನಿಯಮದ ಸಂಖ್ಯೆ ಹಾಕಿ ಬರೆಯುತ್ತೇನೆ.

ಅಭ್ಯಾಸಕ್ಕಾಗಿ ಹೋಟೆಲಿನ ಅತಿಥಿಯಂತೆ ನಟಿಸುವ ಆ ಹುದ್ದೆಯಲ್ಲಿದ್ದವರನ್ನು ನಾವು ಅತಿಥಿ ಸಾಹೇಬರು ಅನ್ನುತ್ತಿದ್ದೆವು. ಹನ್ನೊಂದು ವರ್ಷದ ಸೇವೆ. ಬೆಳಿಗ್ಗೆ ಹಾಜರಿ ಹಾಕಿ, ಖಾಲಿ ಸೂಟ್‌ಕೇಸು ಹಿಡಿದು, ಹಿಂಬಾಗಿಲಿನಿಂದ ಹೊರಗೆ ಹೋಗಿ ಮುಂಬಾಗಿಲಿನಿಂದ ಒಳಗೆ ಬರುವರು. ಅಭ್ಯರ್ಥಿಗಳು ಸಾಲಾಗಿ ನಿಂತು ನಗಬೇಕು. ನಿಯಮ ಆರರ ಪ್ರಕಾರ ಮೇಲಿನ ಎಂಟು ಹಲ್ಲು ಕಾಣಬೇಕು. ಒಸಡು ಕಂಡರೆ ಅಂಕ ಕಡಿತ. ಅಷ್ಟು ಹಲ್ಲಿಲ್ಲದವರು ವೈದ್ಯರ ಪತ್ರ ತಂದು ಐದಕ್ಕೆ ರಿಯಾಯಿತಿ ಪಡೆಯಬಹುದು. ಕೇಂದ್ರದಲ್ಲಿ ಹಾಸಿಗೆಯೂ ಒಂದಿದೆ. ಬಳಸಿದರೆ ಸವೆಯುತ್ತದೆ ಎಂದು ತಪಾಸಣೆಯವರು ಆಕ್ಷೇಪಿಸಿದ್ದರಿಂದ ಅದಕ್ಕೆ ಪ್ಲಾಸ್ಟಿಕ್ ಹಾಳೆ ಸುತ್ತಿದ್ದೇವೆ. ಅಭ್ಯರ್ಥಿಗಳು ಅದರ ಪಕ್ಕದಲ್ಲಿ ನಿಂತು, ಇಲ್ಲದ ಚಾದರವನ್ನು ಗಾಳಿಯಲ್ಲಿ ಕೊಡವುತ್ತಾರೆ.

ಈ ಸಲದ ತಂಡದಲ್ಲಿ ಒಬ್ಬ ಹೆಂಗಸಿದ್ದಳು. ಹದಿನಾಲ್ಕು ವರ್ಷ ಲಾಡ್ಜಿನಲ್ಲಿ ಕೋಣೆ ಗುಡಿಸಿ ಹಾಸಿಗೆ ಹಾಸಿದವಳು. ಎಲ್ಲರೂ ಅಕ್ಕ ಅಂತಲೇ ಕರೆಯುತ್ತಿದ್ದರು. ನಮ್ಮಿಂದ ಒಬ್ಬರನ್ನು ಆರಿಸಿಕೊಳ್ಳಲಿದ್ದ ಹೊರದೇಶದ ಹೋಟೆಲಿನಲ್ಲೇ ಅವಳ ತಂಗಿ ಆರು ವರ್ಷದಿಂದ ಕೆಲಸಕ್ಕಿದ್ದಳು. ಅವ್ವ ಸತ್ತಾಗಲೂ ರಜೆ ಸಿಗಲಿಲ್ಲ. ಅಕ್ಕತಂಗಿ ಮುಖ ನೋಡಿಕೊಂಡು ಆರು ವರ್ಷವಾಗಿತ್ತು. ಮುಂದಿನ ತಿಂಗಳು ಅಕ್ಕನಿಗೆ ಮೂವತ್ತೈದು ತುಂಬುತ್ತಿತ್ತು. ಆಮೇಲೆ ಅರ್ಜಿ ಹಾಕುವ ಹಾಗಿಲ್ಲ.

"ಇದೊಂದ್ಸಲ ಆಗ್ಬಿಟ್ರೆ ಸಾಕು ಸಾರ್, ಅವಳ ಮಗ್ಗುಲಲ್ಲಿ ಒಂದು ಚಾಪೆ ಹಾಸ್ಕೊಂಡು ಇದ್ಬಿಡ್ತೀನಿ" ಅಂದಳು. ನಾನು ಅರ್ಜಿ ತೆಗೆದುಕೊಂಡು ಸಂಖ್ಯೆ ಹಾಕಿದೆ.

ಸಂದರ್ಶನದ ಹಿಂದಿನ ದಿನ ಮಧ್ಯಾಹ್ನ, ಸ್ವಾಗತದ ಅಭ್ಯಾಸ ನಡೆಯುತ್ತಿದ್ದಾಗ, ಮುಂಬಾಗಿಲಿನಲ್ಲಿ ಒಬ್ಬರು ದೊಡ್ಡ ಚೀಲ ಹೊತ್ತು ಬಂದು ನಿಂತರು. ಆ ಹೋಟೆಲಿನ ಅಧಿಕಾರಿಯೇ. ನಮ್ಮ ಕಡೆಯವರು, ಅಲ್ಲಿ ಹೋಗಿ ನೆಲೆಸಿದವರು.

"ನಾಳೆ ಸಂದರ್ಶನ ಮಾಡೋಕೆ ಬಂದಿರೋದು ನಾನೇ. ಒಂದು ದಿನ ಮುಂಚೆ ಬಂದೆ" ಅಂದರು.

ನಮ್ಮ ಕೇಂದ್ರದ ನಿರ್ದೇಶಕರು ಹಾಜರಿ ಪುಸ್ತಕ ತಿರುವಿದರು. "ಅತಿಥಿ ಆಗಲೇ ಒಳಗಿದ್ದಾರಲ್ಲ."

"ನಾನೂ ಅತಿಥೀನೇ ಅಲ್ವಾ ಸಾರ್?"

"ಇರಬಹುದು. ಹುದ್ದೆ ಖಾಲಿ ಇಲ್ಲ. ಅಭ್ಯರ್ಥಿಗಳ ಸಾಲಲ್ಲಿ ಜಾಗ ಇದೆ, ನಿಂತ್ಕೊಳ್ಳಿ."

ನಿರ್ದೇಶಕರದು ತಪ್ಪಲ್ಲ. ನಿಯಮ ಎರಡರ ಪ್ರಕಾರ ಕಟ್ಟಡದೊಳಗೆ ಇರುವವರು ಸಿಬ್ಬಂದಿ, ಅತಿಥಿ, ಅಭ್ಯರ್ಥಿ, ಈ ಮೂರರಲ್ಲಿ ಒಂದಾಗಿರಬೇಕು. ಹದಿನಾಲ್ಕು ಗಂಟೆ ಪ್ರಯಾಣ ಮಾಡಿ ಬಂದವರಿಗೆ ವಾದಿಸುವ ತ್ರಾಣ ಇರಲಿಲ್ಲ. ಸಾಲಿನಲ್ಲಿ ನಿಂತರು. ನಗಲು ಹೇಳಿದಾಗ ನಾಲ್ಕು ಹಲ್ಲು ತೋರಿಸಿದರು, ಅದೂ ಒಂದು ಕ್ಷಣ. ನಿರ್ದೇಶಕರು ಅನುತ್ತೀರ್ಣ ಎಂದು ಬರೆದು, "ನಿಮ್ಮಂಥವರಿಗೆ ಹೋಟೆಲ್ ಕೆಲಸ ಅಲ್ಲ ಬಿಡಿ" ಎಂದು ಮೃದುವಾಗಿಯೇ ತಿಳಿಸಿದರು.

ಆಗ ಅಕ್ಕ ಸಾಲು ಬಿಟ್ಟಳು. ಮೂಲೆಯಲ್ಲಿದ್ದ ಕುರ್ಚಿ ಎಳೆದು ತಂದಳು. ಅತಿಥಿ ಸಾಹೇಬರಿಗೆಂದು ಇಟ್ಟಿದ್ದ ನೀರಿನ ಲೋಟವನ್ನೇ ಎತ್ತಿ ಅಧಿಕಾರಿಯ ಕೈಗೆ ಕೊಟ್ಟಳು. "ಕೂತ್ಕೊಳ್ಳಿ ಸಾರ್. ಶೂ ಸಡಿಲ ಮಾಡ್ಕೊಳ್ಳಿ, ಕಾಲು ಊದಿರುತ್ತೆ. ಊಟ ಆಯ್ತಾ?" ಅಧಿಕಾರಿ ಕೂತು, ನೀರು ಕುಡಿದು, ಕಣ್ಣು ಮುಚ್ಚಿದರು. ಅತಿಥಿಯಲ್ಲದವರಿಗೆ ಆತಿಥ್ಯ ನೀಡುವುದು ನಿಯಮ ಹದಿನಾಲ್ಕರ ಪ್ರಕಾರ ಅಶಿಸ್ತು. ಇಬ್ಬರನ್ನೂ ಹೊರಗೆ ಮೊಗಸಾಲೆಗೆ ಕಳಿಸಲಾಯಿತು.

ಮೊಗಸಾಲೆಯಲ್ಲಿ ಒಂದು ಬೆಂಚಿದೆ. ಅಲ್ಲಿ ನಡೆದದ್ದನ್ನು ನಾನು ಕಿಟಕಿಯಿಂದ ನೋಡಿದೆ. ಹಾಸಿಗೆ ಹಾಸಲು ಬರುತ್ತದೆಯೇ ಎಂದು ಅಧಿಕಾರಿ ಕೇಳಿದರು. ಅಕ್ಕ ತನ್ನ ಚೀಲದಿಂದ ಹಳೇ ಚಾದರ ತೆಗೆದು ಬೆಂಚಿಗೇ ಹಾಸಿ, ನಾಲ್ಕು ಮೂಲೆಯನ್ನೂ ಒಳಕ್ಕೆ ಸೆಳೆದು ಮಡಿಸಿದಳು. ಅವರು ಅಂಗೈ ಆಡಿಸಿ ನೋಡಿದರು, ಒಂದು ಸುಕ್ಕಿಲ್ಲ. ತೊಡೆಯ ಮೇಲೆ ಕಾಗದ ಇಟ್ಟುಕೊಂಡು ನೇಮಕದ ಪತ್ರ ಬರೆದುಕೊಟ್ಟರು.

"ತಂಗಿಗೆ ಹೇಳ್ಲಾ ಸಾರ್?" ಅಂತ ಅಕ್ಕ ಕೇಳಿದಳು. ಕಣ್ಣಲ್ಲಿ ಧಾರಾಕಾರ ನೀರು.

"ಹೇಳಮ್ಮಾ" ಅಂದರು ಅಧಿಕಾರಿ.

ಆದರೆ 'ಇವರು ಸಂದರ್ಶನಕ್ಕೆ ಸಿದ್ಧರಾಗಿದ್ದಾರೆ' ಎಂಬ ನಮ್ಮ ಮೊಹರಿಲ್ಲದೆ ಯಾರೂ ದೇಶ ಬಿಡುವಂತಿಲ್ಲ. ನಿರ್ದೇಶಕರು ಪತ್ರವನ್ನು ಮೂರು ಸಲ ಓದಿದರು. "ಸಿದ್ಧರಾಗದೇ ಪಾಸಾಗಿದ್ದೀರಿ. ಇದನ್ನ ಸಕ್ರಮ ಮಾಡೋಕೆ ದಾರಿ ಇಲ್ಲಮ್ಮ. ಮುಂದಿನ ತಂಡಕ್ಕೆ ಸೇರ್ಕೊಳ್ಳಿ."

"ಅಷ್ಟೊತ್ತಿಗೆ ನಂಗೆ ಮೂವತ್ತೈದು ಆಗುತ್ತೆ ಸಾರ್."

"ಹಾಗಾದ್ರೆ ಸೇರೋ ಹಾಗೂ ಇಲ್ಲ."

ಅಕ್ಕ ನನ್ನ ಕಡೆ ನೋಡಿದಳು. ಮೊಹರು ನನ್ನ ಮೇಜಿನ ಮೇಲೇ ಇತ್ತು, ಕೈಗೆ ಎಟಕುವಷ್ಟು ಹತ್ತಿರ. ನನಗೆ ಒತ್ತಿಬಿಡೋಣ ಅನ್ನಿಸಿದ್ದು ನಿಜ. ಆದರೆ ಅನ್ನಿಸಿದ್ದಕ್ಕೆ ಯಾವ ನಿಯಮದಲ್ಲೂ ಸಂಖ್ಯೆ ಇಲ್ಲ. ನಾನು ಶಾಯಿಯ ಡಬ್ಬಿ ಮುಚ್ಚಿದೆ.

ಮರುದಿನ ಸಂದರ್ಶನ ಸಾಂಗವಾಗಿ ನೆರವೇರಿತು. ಅನುತ್ತೀರ್ಣರಿಗೆ ಕೊಠಡಿಯೊಳಗೆ ಪ್ರವೇಶವಿಲ್ಲದ ಕಾರಣ ಹೋಟೆಲಿನ ಅಧಿಕಾರಿ ಹೊರಗೇ ಉಳಿದರು. ಅವರ ಬದಲು ಅತಿಥಿ ಸಾಹೇಬರೇ ಪ್ರಶ್ನೆ ಕೇಳಿದರು. ನಲವತ್ತು ಅಭ್ಯರ್ಥಿಗಳಲ್ಲಿ ಒಬ್ಬರೂ ಅವರ ಮನಸ್ಸಿಗೆ ಬರಲಿಲ್ಲ. ಕೊನೆಗೆ ಪಕ್ಷಪಾತವಿಲ್ಲದೆ ಯೋಚಿಸಿ, ಹನ್ನೊಂದು ವರ್ಷದ ಹೋಟೆಲ್ ಅನುಭವ ಮತ್ತು ಪೂರ್ಣ ಹಾಜರಿಯ ಆಧಾರದ ಮೇಲೆ ತಮ್ಮನ್ನೇ ಆಯ್ಕೆ ಮಾಡಿದರು. ನಿರ್ದೇಶಕರು ಮೊಹರು ಒತ್ತಿಸಿದರು. ಪಟ್ಟಿಯನ್ನು ಹೊರಗೆ ಒಯ್ದು ಕೊಟ್ಟಾಗ ಅಧಿಕಾರಿ ಅದರ ಕೆಳತುದಿಯನ್ನು ನೋಡಿದರು. "ಮೊಹರು ಇದೆಯಲ್ಲ, ನಮ್ಮ ಆಫೀಸಿನವರೂ ಅದನ್ನೇ ನೋಡೋದು" ಎಂದು ರುಜು ಹಾಕಿದರು.

ಹೀಗೆ ಅತಿಥಿ ಹುದ್ದೆ ಖಾಲಿಯಾಯಿತು. ಅದಕ್ಕೆ ವಯಸ್ಸಿನ ಮಿತಿ ಇಲ್ಲ. ಅಕ್ಕನನ್ನು ಅದಕ್ಕೆ ನೇಮಿಸಿ ನಿರ್ದೇಶಕರು ದೊಡ್ಡ ಮನಸ್ಸು ತೋರಿಸಿದರು. ಎಲ್ಲರೂ ಅವಳ ಅದೃಷ್ಟವನ್ನು ಹೊಗಳಿದರು. ಅಂದಿನಿಂದ ನಾವು ಆಕೆಗೆ ಬಹುವಚನ ಬಳಸುತ್ತೇವೆ.

ತಂಗಿ ಫೋನು ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ. "ಅಕ್ಕಾ, ನೀನು ಬರ್ತೀಯ ಅಂತ ಕಾಯ್ತಿದ್ರೆ ಯಾರೋ ಮಾರಾಯರು ಬಂದಿದಾರೆ. ಹಾಸಿಗೆ ಹಾಸೋಕೆ ಬರಲ್ಲ. ನಾನು ಹಾಸಿದ್ರೆ ಅದರ ಮೇಲೆ ಮಲಗಿಬಿಡ್ತಾರೆ. ಅವರ ಪಾಲಿನ ಕೋಣೆಗಳೂ ನನ್ನ ತಲೆಗೇ ಕಟ್ಟಿದಾರೆ."

"ಮೂಲೆ ಬಿಗಿಯಾಗಿ ಮಡಿಸು, ಬೇಗ ಮುಗಿಯುತ್ತೆ" ಅಂದರು ಅಕ್ಕ. ಆಮೇಲೂ ಇಬ್ಬರೂ ಫೋನು ಇಡಲಿಲ್ಲ.

ಅತಿಥಿಯಾದವರು ದಿನಕ್ಕೊಂದು ದೂರು ಹೇಳಬೇಕು, ಅಭ್ಯರ್ಥಿಗಳಿಗೆ ಉತ್ತರಿಸಿ ರೂಢಿಯಾಗಲೆಂದು. ಅಕ್ಕ ಒಂದು ವಾರ "ನಂದೇನೂ ದೂರಿಲ್ಲ" ಅಂದರು. ಕರ್ತವ್ಯಲೋಪಕ್ಕಾಗಿ ಅವರಿಗೆ ನೋಟಿಸು ಹೋಯಿತು. ಎಂಟನೇ ದಿನ ಅಕ್ಕ ಕುರ್ಚಿಯಿಂದ ಎದ್ದು ನಿಂತು, "ನಂಗೆ ನನ್ನ ತಂಗೀನ ನೋಡ್ಬೇಕು" ಅಂದರು.

ನಲವತ್ತು ಅಭ್ಯರ್ಥಿಗಳು ಒಟ್ಟಿಗೆ ಬಾಗಿ, "ಅನಾನುಕೂಲಕ್ಕೆ ವಿಷಾದಿಸುತ್ತೇವೆ, ತಕ್ಷಣ ಗಮನಿಸುತ್ತೇವೆ" ಅಂದರು.

ನಿರ್ದೇಶಕರಿಗೆ ಬಹಳ ಹಿಡಿಸಿತು. ಇಂಥ ಗಟ್ಟಿ ದೂರು ಕೇಂದ್ರಕ್ಕೆ ಇದುವರೆಗೆ ಸಿಕ್ಕಿರಲಿಲ್ಲವೆಂದೂ, ಇದನ್ನೇ ಕಾಯಂ ಮಾಡತಕ್ಕದ್ದೆಂದೂ ಆದೇಶವಾಯಿತು. ಈಗ ದಿನವೂ ಹನ್ನೊಂದು ಗಂಟೆಗೆ ಅಕ್ಕ ಎದ್ದು ನಿಂತು ಅದನ್ನೇ ಹೇಳುತ್ತಾರೆ, ಅಭ್ಯರ್ಥಿಗಳು ಬಾಗಿ ಅದೇ ಉತ್ತರ ಕೊಡುತ್ತಾರೆ, ನಾನು 'ಇತ್ಯರ್ಥವಾಗಿದೆ' ಎಂದು ಬರೆದುಕೊಳ್ಳುತ್ತೇನೆ.