ಮಂಡಿಯೂರಿದ ಸೇನಾಪತಿ

ತೊಂದರೆಗೆಲ್ಲ ಕಾರಣ ಮೂರೇ ಮೂರು ಪದ: "ಕವಚಧಾರಿ ಸೇನಾಪತಿ ಮಂಡಿಯೂರಿದನು."

ನೀರಿನ ಬಿಲ್ಲಿನ ಕಚೇರಿಯ ಗುಮಾಸ್ತ ಮೂರು ವರ್ಷ ಬೆಳಗಿನ ನಿದ್ದೆ ಬಿಟ್ಟು ಬರೆದ ಐತಿಹಾಸಿಕ ಪ್ರೇಮ ಕಾದಂಬರಿಯ ಹನ್ನೆರಡನೇ ಅಧ್ಯಾಯ ಹೀಗೆ ಮುಗಿಯುತ್ತಿತ್ತು. ಆ ದಿನ ಸಂಜೆ ನಾಲ್ಕಕ್ಕೆ ಪ್ರಕಾಶಕರು ಅವನಿಗೆ ಹತ್ತು ನಿಮಿಷ ಕೊಟ್ಟಿದ್ದರು. ಅಷ್ಟರಲ್ಲಿ ಕತೆ ಹೇಳಿ ಒಪ್ಪಿಸಬೇಕು. ಒಪ್ಪಿದರೆ ಪುಸ್ತಕ, ಇಲ್ಲದಿದ್ದರೆ ಹಸ್ತಪ್ರತಿ ಅಟ್ಟಕ್ಕೆ. "ಏನಾದ್ರೂ ಬರೀರಿ, ನಂಬೋ ಹಾಗಿರ್ಲಿ," ಎಂದು ಅವರು ಫೋನಿನಲ್ಲೇ ಎಚ್ಚರಿಸಿದ್ದರು.

ಬೆಳಗ್ಗೆ ಚಹಾ ಕೊಡಲು ಬಂದ ಹೆಂಡತಿ ಆ ಸಾಲಿನ ಮೇಲೆ ಕಣ್ಣಾಡಿಸಿದಳು.

"ಅಲ್ರೀ, ಮೈತುಂಬ ಕಬ್ಬಿಣ ಹಾಕ್ಕೊಂಡು ಮಂಡಿ ಬಗ್ಗುತ್ತಾ? ನಿಮಗೆ ಪೈಜಾಮ ಹಾಕ್ಕೊಂಡೇ ಬಗ್ಗಲ್ಲ."

ತಲೆಯೊಳಗೆ ಹುಳ ಬಿಟ್ಟಂತಾಯಿತು. ಗುಮಾಸ್ತ ಗ್ರಂಥಾಲಯದಲ್ಲಿ ಹದಿನೇಳು ಪುಸ್ತಕ ತಿರುವಿ ಹಾಕಿದ್ದ. ಕವಚದ ತೂಕವಿತ್ತು, ಬಣ್ಣವಿತ್ತು. ಮಂಡಿಯ ಸುದ್ದಿ ಒಂದರಲ್ಲೂ ಇರಲಿಲ್ಲ. ರಜೆಚೀಟಿ ಗೀಚಿ ಕಳಿಸಿ, ವಠಾರದ ಮೂಲೆಯಲ್ಲಿ ಬಕೆಟ್ಟು, ಡಬ್ಬ ಮಾಡುವ ತಗಡಿನ ಮೇಸ್ತ್ರಿಯ ಹತ್ತಿರ ಓಡಿದ.

"ಮೇಸ್ತ್ರಿ, ನನಗೊಂದು ಕವಚ ಬೇಕಿತ್ತು."

"ಅಳತೆ?" ಎಂದ ಮೇಸ್ತ್ರಿ, ದಿನಕ್ಕೆ ಹತ್ತು ಜನ ಕವಚ ಕೇಳಿಕೊಂಡು ಬರುವವರಿದ್ದ ಹಾಗೆ.

ಹನ್ನೊಂದರ ಹೊತ್ತಿಗೆ ಗುಮಾಸ್ತ ಸೇನಾಪತಿಯ ಪ್ರೇಮಕತೆಯನ್ನೆಲ್ಲ ಮೇಸ್ತ್ರಿಗೆ ಹೇಳಿ ಮುಗಿಸಿ ತಗಡಿನೊಳಗಿದ್ದ. ಎಣ್ಣೆ ಡಬ್ಬದ ತಗಡಾದ್ದರಿಂದ ಎದೆಯ ಮೇಲೆ ಸೂರ್ಯಕಾಂತಿ ಹೂವೊಂದು ತಲೆಕೆಳಗಾಗಿ ಅರಳಿತ್ತು. ಬೆನ್ನ ಹಿಂದೆ ಮೊಳೆ ಬಡಿದು ಮುಚ್ಚಿಯಾಗಿತ್ತು.

"ಬಿಚ್ಚೋದು?"

"ಕತ್ತರಿಸಿ ಬಿಚ್ಚೋದು. ಒಂದು ಮನೆ ಸೂರಿಗೆ ತಗಡು ಹೊದಿಸಿ ಮೂರಕ್ಕೆ ಬಂದ್ಬಿಡ್ತೀನಿ, ನೀವು ನಿಮ್ಮ ಪ್ರೀತಿ ಮಾಡ್ಕೊಳ್ಳಿ," ಎಂದು ಮೇಸ್ತ್ರಿ ಕತ್ತರಿ ಸಮೇತ ಹೊರಟ. ಹೋಗುವಾಗ ಮಹಡಿಯತ್ತ ಕತ್ತೆತ್ತಿ, ಕಿಟಕಿಯಲ್ಲಿ ಕೂತಿದ್ದ ದೊಡ್ಡ ಟೀಚರಿಗೆ ಏನೋ ಹೇಳಿದ. ಕಿವಿಯೂ ತಗಡಿನೊಳಗಿದ್ದುದರಿಂದ, ಅತ್ತ ತಿರುಗಿ ಆಡಿದ ಮಾತು ಗುಮಾಸ್ತನಿಗೆ ಕೇಳಿಸಲಿಲ್ಲ. ದೊಡ್ಡ ಟೀಚರು ಎಂದರೆ ನಿವೃತ್ತ ಮುಖ್ಯೋಪಾಧ್ಯಾಯಿನಿ. ಇಡೀ ವಠಾರ ಅವರೆದುರು ಇಂದಿಗೂ ಕೈಕಟ್ಟಿ ನಿಲ್ಲುತ್ತಿತ್ತು.

ಕಾದಂಬರಿಯಲ್ಲಿ ರಾಜಕುಮಾರಿ ಮಹಡಿಯ ಕಿಟಕಿಯಲ್ಲಿರುತ್ತಾಳೆ. ವಠಾರಕ್ಕೆಲ್ಲ ಮಹಡಿಯ ಕಿಟಕಿ ಇದ್ದದ್ದು ಒಂದೇ. ಗುಮಾಸ್ತ ಅದರ ಕೆಳಗೆ ನಿಂತು, ಉಸಿರು ಬಿಗಿಹಿಡಿದು ಬಗ್ಗಿದ. ಮಂಡಿಯ ತಗಡು "ಟಕ್" ಎಂದಿತು.

"ರಾಜಕುಮಾರಿ, ನಿನ್ನ ಎರಡು ಕಣ್ಣುಗಳೇ ನನ್ನ ಎರಡು ಕೋಟೆಗಳು."

"ಉಚ್ಚಾರಣೆ ಸ್ಪಷ್ಟವಾಗಿರ್ಲಿ," ಎಂದಿತು ಕಿಟಕಿ. "ಇನ್ನೊಂದ್ಸಲ ಹೇಳಪ್ಪ."

ಗುಮಾಸ್ತ ಇನ್ನೊಂದು ಸಲ ಹೇಳಿದ. ಏಳಲು ನೋಡಿದ, ಆಗಲಿಲ್ಲ. ಗೋಡೆ ಹಿಡಿದ, ಆಗಲಿಲ್ಲ. ಕೊನೆಗೆ ರಾಜಕುಮಾರಿಯನ್ನು ಬಿಟ್ಟು ಹೆಂಡತಿಯನ್ನು ಕೂಗಿದ.

ಹೆಂಡತಿ ಇಕ್ಕಳ ತಂದಳು. ಪಕ್ಕದ ಮನೆಯ ಕಾಂಪೌಂಡರು ಹೊಲಿಗೆ ಯಂತ್ರದ ಎಣ್ಣೆ ತಂದು ಮಂಡಿಗೆ ಬಿಟ್ಟು, ಸೂರ್ಯಕಾಂತಿಯ ಮೇಲೆ ಸ್ಟೆತಾಸ್ಕೋಪ್ ಇಟ್ಟು, "ಒಳಗೆ ಬಡ್ಕೊಳ್ತಾ ಇದೆ. ಜೀವ ಇದೆ," ಎಂದು ಘೋಷಿಸಿದರು. ಇಬ್ಬರೂ ಎರಡು ಕಡೆ ಎಳೆದದ್ದಕ್ಕೆ ಗುಮಾಸ್ತ ಬಿಂದಿಗೆಯ ಹಾಗೆ ಉರುಳಿ, ಉರುಳಿದಲ್ಲೂ ಮಂಡಿಯೂರಿಕೊಂಡೇ ಇದ್ದ.

ಮೂರು ಹೊಡೆಯಿತು. ಮೇಸ್ತ್ರಿ ಬರಲಿಲ್ಲ.

"ನಾಲ್ಕಕ್ಕೆ ಪ್ರಕಾಶಕರು," ಎಂದು ತಗಡಿನೊಳಗಿಂದ ಅಳು ಕೇಳಿತು. "ಮೂರು ವರ್ಷ ಕಣ್ರೀ."

ಹೆಂಡತಿ ಇಕ್ಕಳ ಎಸೆದು ಹೊರಗೆ ಓಡಿದಳು. ಬೀದಿಯಲ್ಲಿ ಹೋಗುತ್ತಿದ್ದ ತರಕಾರಿಯಾಕೆಯ ತಳ್ಳುಗಾಡಿಯನ್ನು ತಡೆದಳು.

"ಸೌತೆಕಾಯಿ ಇಳಿಸಿ ಈ ಸಾಮಾನು ಹತ್ತಿಸ್ಬೇಕಾ?" ಎಂದಳು ತರಕಾರಿಯಾಕೆ. "ಹತ್ತಿಸಿ. ಕುಂಬಳಕಾಯಿ ಕಡೆ ಕಾಲು ಚಾಚ್ಬಾರ್ದು ಅಷ್ಟೇ."

"ಚಾಚೋಕಾಗಿದ್ರೆ ಗಾಡಿ ಯಾಕಮ್ಮ ಬೇಕಿತ್ತು?" ಎಂದಳು ಹೆಂಡತಿ.

ಮೆರವಣಿಗೆ ಹೊರಟಿತು. ದೊಡ್ಡ ಟೀಚರೂ ಕೊಡೆ ಹಿಡಿದು ಇಳಿದು ಬಂದರು. ಗುಮಾಸ್ತ ದಾರಿಯುದ್ದಕ್ಕೂ ಕತೆ ಒಪ್ಪಿಸಿ ಅಭ್ಯಾಸ ಮಾಡಿದ. ಗಾಡಿ ತಳ್ಳಿದವರೆಲ್ಲ ಅದನ್ನು ತಿದ್ದಿದರು.

"ರಾಜಕುಮಾರಿಗೆ ಒಂದು ವಿಷಮಶೀತ ಜ್ವರ ಬರ್ಲಿ," ಎಂದರು ಕಾಂಪೌಂಡರು. "ಇಪ್ಪತ್ತೊಂದು ದಿನದ್ದು."

"ಆ ಸೇನಾಪತಿ ಊಟ ಮಾಡೋದು ಎಲ್ಲೂ ಬರ್ಲೇ ಇಲ್ವಲ್ಲ," ಎಂದಳು ತರಕಾರಿಯಾಕೆ. "ಮೂವತ್ತು ಅಧ್ಯಾಯ ಉಪವಾಸನಾ?"

ದೊಡ್ಡ ಟೀಚರು ಮಾತ್ರ ಏನೂ ಅನ್ನದೆ, ಗಾಡಿ ನಿಂತಲ್ಲೆಲ್ಲ ಪುಟ್ಟ ನೋಟುಬುಕ್ಕಿನಲ್ಲಿ ಏನೋ ಬರೆದುಕೊಳ್ಳುತ್ತಿದ್ದರು.

ಪ್ರಕಾಶಕರ ಕೋಣೆಯಲ್ಲಿ ನೆಲದ ತುಂಬ ಪುಸ್ತಕದ ಕಟ್ಟು. ಬೇರೆ ಜಾಗವಿಲ್ಲದೆ ಗುಮಾಸ್ತನನ್ನು ಅವರ ಮೇಜಿನ ಮೇಲೇ ಇಟ್ಟರು. ಪ್ರಕಾಶಕರು ಗಡಿಯಾರ ನೋಡಿ, "ಶುರು ಮಾಡಿ," ಎಂದರು.

ಗುಮಾಸ್ತ ಜೀವ ತೇಯ್ದು ಹೇಳಿದ. ಕೋಟೆ ಬಂತು, ಕಿಟಕಿ ಬಂತು, ಸೇನಾಪತಿ ಮಂಡಿಯೂರಿದ. ಪ್ರಕಾಶಕರು ಕನ್ನಡಕ ತೆಗೆದು ಒರೆಸಿಕೊಂಡರು.

"ಚೆನ್ನಾಗಿದೆ. ಆಮೇಲೆ?"

"ಹದಿಮೂರನೇ ಅಧ್ಯಾಯದಲ್ಲಿ ಎದ್ದು, ಕುದುರೆ ಮೇಲೆ ಹಾರಿ ಕೂತು, ಯುದ್ಧಕ್ಕೆ ಹೋಗ್ತಾನೆ ಸಾರ್."

ಪ್ರಕಾಶಕರು ಮೇಜಿನ ಮೇಲಿದ್ದುದನ್ನು ನಖಶಿಖಾಂತ ನೋಡಿದರು.

"ಎದ್ದು?"

"ಹೌದು ಸಾರ್."

"ಹೇಗೆ ಎದ್ದ?"

ಗುಮಾಸ್ತನ ಮಂಡಿಯಿಂದ ಎಣ್ಣೆ ಒಂದು ತೊಟ್ಟು ಮೇಜಿನ ಮೇಲೆ ಬಿತ್ತು.

"ನಲವತ್ತು ವರ್ಷದಿಂದ ಕತೆ ಕೇಳ್ತಾ ಇದ್ದೀನಿ," ಎಂದರು ಪ್ರಕಾಶಕರು. "ತನ್ನ ಕತೆ ಸುಳ್ಳು ಅಂತ ಸಾಕ್ಷಿ ಸಮೇತ ಬಂದೋರು ನೀವೇ ಮೊದಲು. ಇವನು ಏಳೋ ಹಾಗೇ ಇಲ್ಲ. ಉಳಿದ ಹದಿನೆಂಟು ಅಧ್ಯಾಯ ಕಿಟಕಿ ಕೆಳಗೇ ಕೂತಿರ್ತಾನೆ. ಯಾರು ಓದ್ತಾರೆ?"

"ಕಿಟಕಿ ಒಳಗಿನಿಂದ ಬರೆದ್ರೆ ಓದ್ತಾರೆ," ಎಂದರು ದೊಡ್ಡ ಟೀಚರು, ನೋಟುಬುಕ್ಕು ಬಿಚ್ಚುತ್ತ.

ಎರಡೇ ಪುಟ ಓದಿದರು. ಕಿಟಕಿಯಲ್ಲೊಬ್ಬಳು ವಯಸ್ಸಾದ ರಾಜಕುಮಾರಿ. ಕೆಳಗೆ ಏಳಲಾರದ ಸೇನಾಪತಿ. ಅವನನ್ನು ಎಬ್ಬಿಸಲು ಊರಿಗೆ ಊರೇ ಒದ್ದಾಡುತ್ತಿದೆ. ಪ್ರಕಾಶಕರು ನಕ್ಕು ನಕ್ಕು ಕೊನೆಗೆ ಕಣ್ಣೊರೆಸಿಕೊಂಡು, "ಇದನ್ನ ಮುಗಿಸಿ ಕೊಡಿ ಮೇಡಂ, ಈ ವರ್ಷವೇ ಅಚ್ಚು ಹಾಕ್ತೀನಿ," ಎಂದರು.

ಅಷ್ಟರಲ್ಲಿ ವಠಾರದಲ್ಲಿ ವಿಚಾರಿಸಿಕೊಂಡು, ಏದುಸಿರು ಬಿಡುತ್ತ ಮೇಸ್ತ್ರಿ ಬಂದ. ಗುಮಾಸ್ತನ ಕಾಲ ಹಿಂದೆ ಕೈ ಹಾಕಿ ಏನನ್ನೋ ಒತ್ತಿದ. "ಟಕ್." ಗುಮಾಸ್ತ ಮಡಿಸಿದ ಕೊಡೆ ಬಿಚ್ಚಿದ ಹಾಗೆ ಮೇಜಿನ ಮೇಲೆ ಎದ್ದು ನಿಂತ.

"ವಾಲಾಡಬಾರದು ಅಂತ ಒಂದು ಕೊಂಡಿ ಇಟ್ಟಿದ್ದೆ. ಒತ್ತಿದ್ರೆ ಬಿಟ್ಕೊಳ್ಳುತ್ತೆ ಅಂತ ಟೀಚರಿಗೆ ಹೇಳೇ ಹೋಗಿದ್ನಲ್ಲ."

"ಸಾರ್, ಎದ್ದೆ ನೋಡಿ," ಎಂದು ಗುಮಾಸ್ತ ಗೋಗರೆದ. "ಸೇನಾಪತಿ ಏಳಬಹುದು ಸಾರ್."

"ಹತ್ತು ನಿಮಿಷ ಆಯ್ತು," ಎಂದರು ಪ್ರಕಾಶಕರು.

ಗುಮಾಸ್ತ ಟೀಚರ ಕಡೆ ತಿರುಗಿದ. "ಗೊತ್ತಿದ್ದೂ ಯಾಕೆ ಟೀಚರ್ ಹೇಳ್ಲಿಲ್ಲ?"

ದೊಡ್ಡ ಟೀಚರು ನೋಟುಬುಕ್ಕು ಮುಚ್ಚಿದರು.

"ಅರವತ್ತೆಂಟು ವರ್ಷದಲ್ಲಿ ಮೊದಲ್ನೇ ಸಲ ಒಬ್ಬ ನನ್ನ ಕಿಟಕಿ ಕೆಳಗೆ ಮಂಡಿಯೂರಿದ್ದ. ಅಷ್ಟು ಬೇಗ ಎಬ್ಬಿಸೋಕೆ ಮನಸ್ಸು ಬರ್ಲಿಲ್ಲಪ್ಪ."

ಪ್ರಕಾಶಕರು ಮೇಜಿನ ಖಾನೆಯಿಂದ ಕ್ಯಾಮೆರಾ ತೆಗೆದರು. "ಮುಖಪುಟಕ್ಕೆ ಒಂದು ಚಿತ್ರ ಬೇಕಲ್ಲ ಮೇಡಂ."

ಎಲ್ಲರೂ ಗುಮಾಸ್ತನತ್ತ ನೋಡಿದರು.

"ಮಂಡಿ ಊರಿ ರೀ," ಎಂದಳು ಹೆಂಡತಿ. "ಹೇಗೂ ಅಭ್ಯಾಸ ಆಗಿದೆ."

ಗುಮಾಸ್ತ ಬಗ್ಗಿದ. ತಗಡು "ಟಕ್" ಎಂದಿತು.